ತಂತಿ ಬದಲಿಸದ ಜೇಮರ್ಸನ್

ಅಮೆರಿಕದ ಡೆಟ್ರಾಯಿಟ್ ನಗರದ ವೆಸ್ಟ್ ಗ್ರ್ಯಾಂಡ್ ಬೂಲ್‌ವಾರ್ಡ್ ರಸ್ತೆಯ 2648ನೇ ಸಂಖ್ಯೆಯ ಮನೆ ಹೊರನೋಟಕ್ಕೆ ತೀರಾ ಸಾಧಾರಣವಾದದ್ದು. ಈಗ ಅದು ವಸ್ತುಸಂಗ್ರಹಾಲಯ. 1959ರಿಂದ 1972ರವರೆಗೆ ಅಲ್ಲಿ ಮೋಟೌನ್ ಸಂಸ್ಥೆಯ ಧ್ವನಿಮುದ್ರಣ ನಡೆಯುತ್ತಿತ್ತು. ಇಕ್ಕಟ್ಟಾದ, ನೆಲದ ಮೇಲೆಲ್ಲ ತಂತಿಗಳು ಹರಡಿಕೊಂಡಿದ್ದ ಆ ಕೋಣೆಯನ್ನು ವಾದ್ಯಗಾರರು ಹಾವಿನ ಗುಂಡಿ ಎಂದು ತಮಾಷೆಗೆ ಕರೆಯುತ್ತಿದ್ದರು. ಜಗತ್ತಿನಾದ್ಯಂತ ಮನೆಮಾತಾದ ಹಾಡುಗಳು ಅಲ್ಲಿಂದ ಹೊರಬಂದವು. ಹಾಡಿದವರ ಹೆಸರುಗಳು ಎಲ್ಲರಿಗೂ ಗೊತ್ತು: ಡಯಾನಾ ರಾಸ್, ಮಾರ್ವಿನ್ ಗೇ, ಸ್ಟೀವಿ ವಂಡರ್. ಆ ಹಾಡುಗಳ ಅಡಿಯಲ್ಲಿ ಮಂದ್ರಸ್ಥಾಯಿಯಲ್ಲಿ ಸಂಚರಿಸುತ್ತ ಇಡೀ ಗೀತೆಯನ್ನು ಹೆಗಲ ಮೇಲೆ ಹೊತ್ತು ನಡೆದ ಬೇಸ್ ಗಿಟಾರ್ ಯಾರದೆಂಬುದು ಮಾತ್ರ ಹನ್ನೆರಡು ವರ್ಷಗಳ ಕಾಲ ತಟ್ಟೆಯ ಹೊದಿಕೆಯ ಮೇಲೆ ಅಚ್ಚಾಗಲಿಲ್ಲ. ಆ ವಾದಕ ಜೇಮ್ಸ್ ಜೇಮರ್ಸನ್.

ಜೇಮರ್ಸನ್ ಹುಟ್ಟಿದ್ದು 1936ರ ಜನವರಿ 29ರಂದು, ಸೌತ್ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ಸಮೀಪದ ಎಡಿಸ್ಟೊ ದ್ವೀಪದಲ್ಲಿ. ಚರ್ಚಿನ ಭಕ್ತಿಗೀತೆ, ರೇಡಿಯೊದಲ್ಲಿ ಬರುತ್ತಿದ್ದ ಜಾಝ್ ಹಾಗೂ ಬ್ಲೂಸ್ ಬಾಲ್ಯದ ಸಂಗೀತ ಪಾಠಗಳಾದವು. ಪಿಯಾನೊ ನುಡಿಸುವುದನ್ನೂ ಚಿಕ್ಕಂದಿನಲ್ಲೇ ಕಲಿತರು. ಕೋಲೊಂದಕ್ಕೆ ರಬ್ಬರ್ ಪಟ್ಟಿ ಬಿಗಿದು, ಅದನ್ನು ಇರುವೆ ಗೂಡಿನ ಮಣ್ಣಿನಲ್ಲಿ ನೆಟ್ಟು, ಮೀಟಿ, ಇರುವೆಗಳನ್ನು ಕುಣಿಸುತ್ತೇನೆ ಎನ್ನುತ್ತಿದ್ದ ಹುಡುಗನ ಕಥೆಯನ್ನು ಅವರ ಮನೆಯವರು ಹೇಳುತ್ತ ಬಂದಿದ್ದಾರೆ. ಎಷ್ಟು ನಿಜವೋ, ಎಷ್ಟು ಬಣ್ಣವೋ. ಒಂದೇ ತಂತಿ, ಒಂದೇ ಬೆರಳು ಎಂಬ ಅಂಶ ಮಾತ್ರ ಮುಂದಿನ ಬದುಕಿಗೆ ಚೆನ್ನಾಗಿಯೇ ಹೊಂದುತ್ತದೆ.

ದಕ್ಷಿಣದ ರಾಜ್ಯಗಳಿಂದ ಕಪ್ಪು ಜನರು ಕೆಲಸ ಅರಸಿ ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆ ಹೋಗುತ್ತಿದ್ದ ಕಾಲವದು. 1954ರಲ್ಲಿ ತಾಯಿಯೊಂದಿಗೆ ಜೇಮರ್ಸನ್ ಮೋಟಾರು ಕಾರುಗಳ ಪಟ್ಟಣವಾದ ಡೆಟ್ರಾಯಿಟ್‌ಗೆ ಬಂದರು. ಅಲ್ಲಿನ ನಾರ್ತ್‌ವೆಸ್ಟರ್ನ್ ಪ್ರೌಢಶಾಲೆಯಲ್ಲಿ ಆಳೆತ್ತರದ ಮರದ ಡಬಲ್ ಬೇಸ್ ಕೈಗೆ ಸಿಕ್ಕಿತು. ಓದು ಮುಗಿಯುವ ಹೊತ್ತಿಗೆ ನಗರದ ಜಾಝ್ ಕ್ಲಬ್‌ಗಳಲ್ಲಿ ಅವರಿಗೆ ಬೇಡಿಕೆ ಬಂದಿತ್ತು.

1959ರಲ್ಲಿ ಬೆರಿ ಗಾರ್ಡಿ ಎಂಬ ಯುವಕ ಮೋಟೌನ್ ಸಂಸ್ಥೆ ಕಟ್ಟಿದರು. ಗಾರ್ಡಿ ಹಿಂದೆ ಲಿಂಕನ್-ಮರ್ಕ್ಯುರಿ ಕಾರು ಕಾರ್ಖಾನೆಯ ಜೋಡಣಾ ಸಾಲಿನಲ್ಲಿ ದುಡಿದವರು. ಹಾಡುಗಳನ್ನೂ ಅದೇ ಕ್ರಮದಲ್ಲಿ ತಯಾರಿಸುವ ಲೆಕ್ಕಾಚಾರ ಅವರದು: ಒಬ್ಬರು ಬರೆಯುವುದು, ಒಬ್ಬರು ಹಾಡುವುದು, ಎಲ್ಲಕ್ಕೂ ಅದೇ ವಾದ್ಯವೃಂದ. ಫಂಕ್ ಬ್ರದರ್ಸ್ ಎಂದು ಹೆಸರಾದ ಆ ವೃಂದದಲ್ಲಿ ಡ್ರಮ್ಸ್‌ನ ಬೆನ್ನಿ ಬೆಂಜಮಿನ್, ಪಿಯಾನೊದ ಅರ್ಲ್ ವ್ಯಾನ್ ಡೈಕ್, ಗಿಟಾರ್‌ನ ರಾಬರ್ಟ್ ವೈಟ್ ಮೊದಲಾದವರಿದ್ದರು. ಬೇಸ್ ಜೇಮರ್ಸನ್ ಪಾಲಿಗೆ ಬಂತು. ಮೊದಲ ವರ್ಷಗಳಲ್ಲಿ ಅವರು ನುಡಿಸಿದ್ದು ಡಬಲ್ ಬೇಸ್. ನಂತರ ಎಲೆಕ್ಟ್ರಿಕ್ ಬೇಸ್‌ಗೆ ಹೊರಳಿದರು.

ಈ ವಾದ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದರು. ಸ್ವತಃ ಗಿಟಾರ್ ನುಡಿಸಲು ಬಾರದ ಮನುಷ್ಯ ಎಂಬುದು ಗಮನಿಸತಕ್ಕ ಸಂಗತಿ. ಅಲ್ಲಿಯವರೆಗೆ ಇದ್ದ ಡಬಲ್ ಬೇಸ್ ಹೊರಲು ಭಾರ. ತುತ್ತೂರಿ, ಡ್ರಮ್ಸ್‌ಗಳ ನಡುವೆ ಅದರ ದನಿಯೇ ಕೇಳಿಸದು. ಮೆಟ್ಟಿಲುಗಳಿಲ್ಲದ ಕಾರಣ ಸ್ವರಸ್ಥಾನ ತಪ್ಪುವ ಅಪಾಯ ಬೇರೆ. ಫೆಂಡರ್ ತಮ್ಮ ವಾದ್ಯಕ್ಕೆ ಗಟ್ಟಿ ಮರದ ಒಡಲು ಕೊಟ್ಟರು, ತಂತಿಯ ಉದ್ದವನ್ನು 34 ಅಂಗುಲಕ್ಕೆ ಇಳಿಸಿದರು, ನಮ್ಮ ವೀಣೆಯಲ್ಲಿರುವಂತೆ ಕುತ್ತಿಗೆಗೆ ಮೆಟ್ಟಿಲುಗಳನ್ನು ಕೂರಿಸಿದರು. ಸ್ವರ ಖಚಿತವಾಗಿ ಬೀಳುತ್ತದೆ ಎಂಬ ಅರ್ಥದಲ್ಲೇ ಆ ಹೆಸರು. ತಂತಿಯ ಕಂಪನವನ್ನು ಆಯಸ್ಕಾಂತ ಹಾಗೂ ತಾಮ್ರದ ಸುರುಳಿ ವಿದ್ಯುತ್ತಾಗಿ ಬದಲಿಸಿ ಆಂಪ್ಲಿಫೈಯರ್‌ಗೆ ಒಪ್ಪಿಸುತ್ತವೆ.

ಜೇಮರ್ಸನ್ ಅವರಿಗೆ ಮೊದಲು ದೊರೆತ ಪ್ರಿಸಿಷನ್ ಬೇಸ್ ಕಳವಾಯಿತು. ಕೊನೆಯವರೆಗೆ ಜೊತೆಗಿದ್ದದ್ದು 1962ರಲ್ಲಿ ತಯಾರಾದ, ಅಂಚಿನಲ್ಲಿ ಕಪ್ಪು, ನಡುವೆ ಹೊಂಬಣ್ಣ ಹೊಂದಿದ್ದ ವಾದ್ಯ. ಅದಕ್ಕೆ ಫಂಕ್ ಮಷೀನ್ ಎಂಬ ಹೆಸರು ನಿಂತಿತು. ವಾದ್ಯದಲ್ಲಿ ವಿಶೇಷವೇನೂ ಇರಲಿಲ್ಲ, ಅಂಗಡಿಯಲ್ಲಿ ಯಾರಿಗಾದರೂ ಸಿಗುತ್ತಿದ್ದ ಮಾದರಿಯೇ ಅದು. ವಿಶೇಷವಿದ್ದದ್ದು ತಂತಿಗಳಲ್ಲಿ.

ಬೇಸ್ ಗಿಟಾರ್ ತಂತಿಯ ಒಳಗೆ ಉಕ್ಕಿನ ಎಳೆಯೊಂದಿರುತ್ತದೆ. ಅದರ ಸುತ್ತ ಇನ್ನೊಂದು ಎಳೆಯನ್ನು ಬಿಗಿಯಾಗಿ ಸುತ್ತುತ್ತಾರೆ. ಸುತ್ತುವ ಎಳೆ ದುಂಡಗಿದ್ದರೆ ರೌಂಡ್‌ವೌಂಡ್. ಮೇಲ್ಮೈ ತರಿತರಿ, ನಾದ ಚುರುಕು, ದೀರ್ಘ, ಲೋಹದ ಮೊಳಗು ಹೆಚ್ಚು. ಚಪ್ಪಟೆ ಪಟ್ಟಿಯಂತಿದ್ದರೆ ಫ್ಲ್ಯಾಟ್‌ವೌಂಡ್. ಮೇಲ್ಮೈ ನುಣುಪು, ಬೆರಳು ಜಾರುವ ಸದ್ದಿಲ್ಲ, ನಾದ ದುಂಡಗೆ ಮೂಡಿ ಬೇಗ ಅಡಗುತ್ತದೆ. ಜೇಮರ್ಸನ್ ಬಳಸಿದ್ದು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್‌ವೌಂಡ್ ತಂತಿಗಳನ್ನು. ಅತಿ ತೆಳುವಾದದ್ದು ಅಂಗುಲದ ಸಾವಿರದಲ್ಲಿ 52 ಭಾಗ, ಅತಿ ದಪ್ಪನೆಯದು 110 ಭಾಗ. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ತಂತಿಗಳು 45ರಿಂದ 105ರವರೆಗಿನವು. ಅಂಕಿಗಳಲ್ಲಿ ಅಂತರ ಅಲ್ಪವೆನಿಸಿದರೂ ಬೆರಳಿಗೆ ಅದು ತಿಳಿಯದೇ ಇರದು.

ಈ ತಂತಿಗಳನ್ನು ಜೇಮರ್ಸನ್ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ವಾದ್ಯವನ್ನು ಒರೆಸುತ್ತಲೂ ಇರಲಿಲ್ಲ. ಬೆವರು, ಜಿಡ್ಡು, ಧೂಳು ಸೇರಿಯೇ ಆ ನಾದ ಹುಟ್ಟುತ್ತದೆ ಎಂಬುದು ಅವರ ಗಟ್ಟಿ ನಂಬಿಕೆಯಾಗಿತ್ತು. ಇದನ್ನು ಕೇವಲ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಸುತ್ತಿನ ಸಂದುಗಳಲ್ಲಿ ಕೊಳೆ ಸೇರಿದಂತೆ ತಂತಿಯ ಮೇಲ್ತರದ ಅನುಸ್ವರಗಳು ಬೇಗ ಸಾಯುತ್ತವೆ, ಮೂಲಸ್ವರ ಮಾತ್ರ ಉಳಿಯುತ್ತದೆ. ಇದರ ಜೊತೆಗೆ ಸೇತುವೆಯ ಲೋಹದ ಮುಚ್ಚಳದಡಿ ಸ್ಪಂಜಿನ ತುಂಡು ತಂತಿಗಳನ್ನು ಒತ್ತಿ ಹಿಡಿದಿರುತ್ತಿತ್ತು. ಪರಿಣಾಮವಾಗಿ ಪ್ರತಿ ಸ್ವರವೂ ಗುಂಡಗೆ, ಮುಂದಿನದಕ್ಕೆ ಎಡೆ ಬಿಟ್ಟು ಬೀಳುತ್ತಿತ್ತು. ಹಾಡಿನಲ್ಲಿ ಎಷ್ಟೇ ಸ್ವರ ತುಂಬಿದರೂ ಗಾಯಕರ ದನಿಗೆ ಅಡ್ಡ ಬಾರದಿದ್ದುದಕ್ಕೆ ಇದೇ ಕಾರಣ.

ತಂತಿಗಳು ಮೆಟ್ಟಿಲುಗಳಿಂದ ಬಹಳ ಎತ್ತರದಲ್ಲಿದ್ದವು. ಬೇರೆಯವರು ಆ ವಾದ್ಯವನ್ನು ಕೈಗೆತ್ತಿಕೊಂಡರೆ ನುಡಿಸಲಾಗದೆ ಸೋಲುತ್ತಿದ್ದರು. ಡಬಲ್ ಬೇಸ್‌ನಲ್ಲಿ ಪಳಗಿದ್ದ ಜೇಮರ್ಸನ್ ಕೈಗೆ ಅದು ಸಹಜವಾಗಿತ್ತು. ಇನ್ನೂ ಅಚ್ಚರಿಯೆಂದರೆ ಅವರು ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಗೆಳೆಯರು ಆ ಬೆರಳಿಗೆ ಕೊಕ್ಕೆ ಎಂದು ಹೆಸರಿಟ್ಟಿದ್ದರು. ಎರಡು ಬೆರಳು ಬಳಸುವವರಿಗೂ ಕಷ್ಟವಾದ ಗತಿಯನ್ನು ಆ ಒಂದು ಬೆರಳು ಸಾಧಿಸುತ್ತಿತ್ತು. ಧ್ವನಿಮುದ್ರಣದಲ್ಲಿ ಬೇಸ್‌ನ ಸಂಕೇತವನ್ನು ಆಂಪ್ಲಿಫೈಯರ್ ಮೂಲಕ ಹಾಯಿಸದೆ ನೇರವಾಗಿ ಮುದ್ರಣ ಯಂತ್ರದ ಮೇಜಿಗೆ ಕೊಡುತ್ತಿದ್ದರು.

ಅವರಿಗಿಂತ ಮುಂಚೆ ಜನಪ್ರಿಯ ಗೀತೆಗಳಲ್ಲಿ ಬೇಸ್‌ನ ಕೆಲಸ ಷಡ್ಜ, ಪಂಚಮಗಳ ನಡುವೆ ಓಡಾಡಿ ತಾಳ ಹಿಡಿಯುವುದಕ್ಕೆ ಸೀಮಿತವಾಗಿತ್ತು. ಜೇಮರ್ಸನ್ ಜಾಝ್‌ನಿಂದ ಕಲಿತ ದಾಟುಸ್ವರಗಳನ್ನು, ಬೆರಳೊತ್ತದ ತೆರೆದ ತಂತಿಯ ನಾದವನ್ನು, ಎದುರು ಪೆಟ್ಟಿನ ಲಯವನ್ನು ಬೆರೆಸಿ ಎರಡನೆಯದೊಂದು ರಾಗಸಂಚಾರವನ್ನೇ ಕಟ್ಟಿದರು. ಟೆಂಪ್ಟೇಷನ್ಸ್ ತಂಡದ 'ಮೈ ಗರ್ಲ್' (1964) ಆರಂಭವಾಗುವುದೇ ಅವರ ಬೇಸ್‌ನಿಂದ. ಅದು ಸರಳತೆಯ ಮಾದರಿ. ಫೋರ್ ಟಾಪ್ಸ್ ತಂಡದ 'ಬರ್ನಡೆಟ್' (1967) ಕೇಳಿದರೆ ಮನುಷ್ಯ ಎಲ್ಲಿಯೂ ನಿಲ್ಲುವುದಿಲ್ಲ. ಸ್ಟೀವಿ ವಂಡರ್ ಅವರ 'ಫಾರ್ ಒನ್ಸ್ ಇನ್ ಮೈ ಲೈಫ್' (1968) ಗೀತೆಯಲ್ಲಿ ಒಂದು ಸಂಚಾರ ಮರಳಿ ಹಾಗೆಯೇ ಬರುವುದು ಅಪರೂಪ. ಅಮೆರಿಕದ ಜನಪ್ರಿಯತಾ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ 20ಕ್ಕೂ ಹೆಚ್ಚು ಹಾಡುಗಳಲ್ಲಿ ಅವರ ಬೇಸ್ ಇದೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ತಮ್ಮ ಮೇಲೆ ಪ್ರಭಾವ ಬೀರಿದವರ ಸಾಲಿನಲ್ಲಿ ಜೇಮರ್ಸನ್ ಅವರನ್ನು ಸ್ಮರಿಸಿದ್ದಾರೆ. ಆದರೆ ಆ ಕಾಲದಲ್ಲಿ ಕೇಳುಗರಿಗೆ ಆ ಹೆಸರು ತಿಳಿಯುವ ದಾರಿಯೇ ಇರಲಿಲ್ಲ.

ನಮ್ಮಲ್ಲಿ ಸಂಗೀತ ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಪಕ್ಕವಾದ್ಯದವರ ಹೆಸರೂ ಇರುತ್ತದೆ. ಸಿನಿಮಾ ಹಾಡಿನ ಕ್ಯಾಸೆಟ್ಟುಗಳಲ್ಲಿ ಮಾತ್ರ ವಾದ್ಯಗಾರರ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ. ಮೋಟೌನ್ ಪದ್ಧತಿಯೂ ಈ ಎರಡನೆಯ ಬಗೆಯದು. ಅದರಿಂದ ಆದ ನಷ್ಟ ಕೀರ್ತಿಯದಷ್ಟೇ ಅಲ್ಲ. ಯಾರು ಎಲ್ಲಿ ನುಡಿಸಿದರೆಂಬುದಕ್ಕೆ ಸರಿಯಾದ ದಾಖಲೆಯೇ ಉಳಿಯದೆ, ಮುಂದೆ ಲಾಸ್ ಏಂಜಲೀಸ್‌ನ ಹೆಸರಾಂತ ಬೇಸ್ ವಾದಕಿ ಕ್ಯಾರಲ್ ಕೇ ಕೆಲವು ಹಾಡುಗಳಲ್ಲಿ ನುಡಿಸಿದ್ದು ತಾವೆಂಬ ವಾದ ಮುಂದಿಟ್ಟಾಗ ದೀರ್ಘ ವಿವಾದವೇ ನಡೆಯಿತು. ಹೆಸರು ಮುದ್ರಿಸಲು ಒಂದು ಸಾಲಿನ ಜಾಗ ಸಾಕಿತ್ತು.

ಆ ಸಾಲು ಬಂದದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ತಟ್ಟೆಯ ಹೊದಿಕೆಯಲ್ಲಿ. ಅದರ ಶೀರ್ಷಿಕೆ ಗೀತೆಗೆ ಜೇಮರ್ಸನ್ ಅವರೇ ಬೇಕೆಂದು ಹಟ ಹಿಡಿದ ಗೇ, 1970ರಲ್ಲಿ ಒಂದು ರಾತ್ರಿ ಮದ್ಯದಂಗಡಿಗಳನ್ನು ಸುತ್ತಿ, ಅಮಲಿನಲ್ಲಿದ್ದ ಅವರನ್ನು ಕರೆತಂದರೆಂದೂ, ಕೂರಲಾಗದ ಜೇಮರ್ಸನ್ ನೆಲದ ಮೇಲೆ ಅಂಗಾತ ಮಲಗಿ ನುಡಿಸಿದರೆಂದೂ ಪ್ರತೀತಿ ಇದೆ. ದಂತಕಥೆಯ ವಾಸನೆ ಇರುವ ಈ ಪ್ರಸಂಗವನ್ನು ಅಭಿಮಾನಿಗಳು ನಕ್ಕು ಹೇಳುತ್ತಾರೆ. ಅದರಲ್ಲಿ ನಗುವಂಥದ್ದು ಹೆಚ್ಚೇನಿಲ್ಲ. ಆ ವೇಳೆಗೆ ಕುಡಿತ ಅವರ ಬದುಕನ್ನು ಆವರಿಸಿತ್ತು. ಆಪ್ತ ಜೊತೆಗಾರ ಬೆನ್ನಿ ಬೆಂಜಮಿನ್ 1969ರಲ್ಲೇ ತೀರಿಕೊಂಡಿದ್ದರು.

1972ರಲ್ಲಿ ಮೋಟೌನ್ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡಿತು. ಮರುವರ್ಷ ಜೇಮರ್ಸನ್ ಕೂಡ ಹಿಂಬಾಲಿಸಿದರು. ಅದೇ ವರ್ಷ ಸಂಸ್ಥೆಯೊಂದಿಗಿನ ನಂಟೂ ಕಡಿಯಿತು. ಕೆಲ ಕಾಲ ಬೇರೆಡೆ ಕೆಲಸ ಸಿಕ್ಕಿತು. ಸಿಲ್ವರ್ಸ್ ತಂಡದ 'ಬೂಗಿ ಫೀವರ್' ಗೀತೆಯಲ್ಲಿ ಅವರ ಬೇಸ್ ಇದೆ. ಆದರೆ ಕಾಲ ಬದಲಾಗಿತ್ತು. ಹೆಬ್ಬೆರಳಿನಿಂದ ತಂತಿಯನ್ನು ಬಡಿದು ನುಡಿಸುವ ಲ್ಯಾರಿ ಗ್ರಹಾಂ ಅವರ ಶೈಲಿ ಎಲ್ಲೆಡೆ ಹಬ್ಬಿತ್ತು. ಅದಕ್ಕೆ ಬೇಕಿದ್ದದ್ದು ಹೊಳೆಯುವ ಹೊಸ ರೌಂಡ್‌ವೌಂಡ್ ತಂತಿಗಳು. ಸ್ಟೀವಿ ವಂಡರ್ ಅವರೇ 1972ರ 'ಸೂಪರ್‌ಸ್ಟಿಷನ್' ಗೀತೆಯಲ್ಲಿ ಬೇಸ್ ಭಾಗವನ್ನು ಸಿಂಥಸೈಜರ್‌ನಲ್ಲಿ ನುಡಿಸಿದ್ದರು. ಜೇಮರ್ಸನ್ ಹೊಸ ರೀತಿಗಳಿಗೆ ಒಗ್ಗಲಿಲ್ಲ, ತಮ್ಮ ಹಳೆಯ ನಾದವನ್ನು ಬಿಟ್ಟುಕೊಡಲಿಲ್ಲ. ಯಾವ ಹಟ ಅವರ ನಾದವನ್ನು ರೂಪಿಸಿತ್ತೋ ಅದೇ ಹಟ ಈಗ ಕೆಲಸ ತಪ್ಪಿಸಿತು. ಕುಡಿತದಿಂದಾಗಿ ನಂಬಿಕೆ ಕಳೆದುಕೊಂಡದ್ದೂ ಅಷ್ಟೇ ನಿಜ. ಎಲ್ಲ ತಪ್ಪನ್ನೂ ಉದ್ಯಮದ ತಲೆಗೆ ಕಟ್ಟುವುದು ನ್ಯಾಯವಾಗದು.

1983ರ ಮಾರ್ಚ್ 25ರಂದು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಮೋಟೌನ್‌ನ ಇಪ್ಪತ್ತೈದನೇ ವರ್ಷದ ಸಮಾರಂಭ ಟೆಲಿವಿಷನ್‌ಗಾಗಿ ಚಿತ್ರೀಕರಣಗೊಂಡಿತು. ಮೈಕಲ್ ಜಾಕ್ಸನ್ ಹಿಮ್ಮುಖವಾಗಿ ಜಾರುವ ತಮ್ಮ ನೃತ್ಯದಿಂದ ಬೆರಗುಗೊಳಿಸಿದ ಸಂಜೆ ಅದು. ಜೇಮರ್ಸನ್ ಅವರಿಗೆ ಆಹ್ವಾನ ಇರಲಿಲ್ಲ. ಕಾಳಸಂತೆಯಲ್ಲಿ ಟಿಕೆಟ್ ಕೊಂಡು, ಮೇಲಂತಸ್ತಿನ ಹಿಂದಿನ ಸಾಲಿನಲ್ಲಿ ಕುಳಿತು ಅವರು ಕಾರ್ಯಕ್ರಮ ನೋಡಿದರು ಎನ್ನಲಾಗಿದೆ. ಆ ಬೇಸಿಗೆಯಲ್ಲಿ ಫಂಕ್ ಮಷೀನ್ ಕೂಡ ಕಳವಾಯಿತು. ಕೆಲವೇ ದಿನಗಳಲ್ಲಿ, ಆಗಸ್ಟ್ 2ರಂದು, ಯಕೃತ್ತಿನ ಕಾಯಿಲೆ, ಹೃದಯ ವೈಫಲ್ಯ ಹಾಗೂ ನ್ಯುಮೋನಿಯಾದಿಂದ ಜೇಮರ್ಸನ್ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಆಗ ವಯಸ್ಸು 47. ಸಮಾಧಿ ಡೆಟ್ರಾಯಿಟ್‌ನ ವುಡ್‌ಲಾನ್ ಸ್ಮಶಾನದಲ್ಲಿದೆ.

ಮನ್ನಣೆ ನಂತರ ಬಂತು. ಗಿಟಾರ್ ವಾದಕ ಅಲನ್ ಸ್ಲಟ್ಸ್‌ಕಿ 1989ರಲ್ಲಿ ಜೇಮರ್ಸನ್ ಜೀವನಚರಿತ್ರೆಯನ್ನೂ ಅವರ ಬೇಸ್ ಭಾಗಗಳ ಸ್ವರಲಿಪಿಯನ್ನೂ ಒಟ್ಟಿಗೆ ಪ್ರಕಟಿಸಿದರು. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಹಿಮ್ಮೇಳದವರಿಗಾಗಿ ಪ್ರತ್ಯೇಕ ವಿಭಾಗ ತೆರೆದಾಗ ಮೊದಲ ಐವರಲ್ಲಿ ಜೇಮರ್ಸನ್ ಒಬ್ಬರಾದರು. ಸ್ಲಟ್ಸ್‌ಕಿ ಕೃತಿಯನ್ನು ಆಧರಿಸಿ 2002ರಲ್ಲಿ ಸಾಕ್ಷ್ಯಚಿತ್ರ ತೆರೆಕಂಡಿತು. 2004ರಲ್ಲಿ ಫಂಕ್ ಬ್ರದರ್ಸ್‌ಗೆ ಗ್ರ್ಯಾಮಿ ಜೀವಮಾನ ಸಾಧನೆ ಪುರಸ್ಕಾರ ಲಭಿಸಿತು.

52ರಿಂದ 110ರವರೆಗಿನ ಆ ದಪ್ಪ ತಂತಿಗಳನ್ನು ಲಾ ಬೆಲ್ಲಾ ಕಂಪನಿ ಜೇಮರ್ಸನ್ ಹೆಸರು ಹೇಳಿ ಮಾರುತ್ತ ಬಂದಿದೆ. ಕೊಂಡು ತಂದವರು ಒಂದಷ್ಟು ಸಿದ್ಧತೆ ಮಾಡಿಕೊಳ್ಳಬೇಕಾಗುತ್ತದೆ. ದಪ್ಪ ತಂತಿ ಕೂರುವಂತೆ ತಲೆಯ ಬಳಿಯ ಗಾಡಿಗಳನ್ನು ಅಗಲಿಸಬೇಕಾಗಬಹುದು. ಎಳೆತ ಹೆಚ್ಚುವುದರಿಂದ ಕುತ್ತಿಗೆ ಬಾಗದಂತೆ ಒಳಗಿನ ಉಕ್ಕಿನ ಸರಳನ್ನು ಬಿಗಿಗೊಳಿಸಬೇಕು. ಇಷ್ಟಾದರೂ ಹೊಸ ತಂತಿ ಮೊದಲ ದಿನ ಚುರುಕಾಗಿಯೇ ನುಡಿಯುತ್ತದೆ. ಹಾವಿನ ಗುಂಡಿಯ ಆ ಮಂದ್ರನಾದಕ್ಕೆ ಅದು ಹತ್ತಿರ ಬರಲು ಹಲವು ವರ್ಷಗಳ ಬೆವರು ಬೇಕು.