ಗೋಪಾಲಕೃಷ್ಣ ಗೋಖಲೆಯವರು ಮತ್ತು ಕಡ್ಡಾಯ ಶಿಕ್ಷಣದ ವಿಧೇಯಕ

ರತ್ನಾಗಿರಿ ಜಿಲ್ಲೆಯ ಕೋಟಲೂಕು ಎಂಬ ಸಣ್ಣ ಗ್ರಾಮದಲ್ಲಿ 1866ನೆಯ ಇಸವಿ ಮೇ 9ರಂದು ಗೋಪಾಲಕೃಷ್ಣ ಗೋಖಲೆಯವರು ಜನಿಸಿದರು. ತಂದೆ ಕೃಷ್ಣರಾಯರು ಕನ್ನಡ ನಾಡಿನ ಗಡಿಯ ನಿಪ್ಪಾಣಿಗೆ ಸಮೀಪದಲ್ಲಿರುವ ಕಾಗಲಿನಲ್ಲಿ ಅಲ್ಪವೇತನದ ಉದ್ಯೋಗದಲ್ಲಿದ್ದರು. 1879ರಲ್ಲಿ ಅವರು ಕಾಲವಶರಾದಾಗ ಗೋಪಾಲನಿಗಿನ್ನೂ ಹದಿಮೂರು ವರ್ಷ. ಸಂಸಾರದ ಭಾರವೆಲ್ಲ ಅಣ್ಣ ಗೋವಿಂದರಾಯರ ಎಳೆಯ ಹೆಗಲ ಮೇಲೆ ಬಿದ್ದಿತು. ಅವರು ತಮ್ಮ ವ್ಯಾಸಂಗವನ್ನು ಅಲ್ಲಿಗೇ ನಿಲ್ಲಿಸಿ ಹದಿನೈದು ರೂಪಾಯಿ ಸಂಬಳದ ನೌಕರಿಯನ್ನು ಹಿಡಿದರು. ಅದರಲ್ಲಿ ಎಂಟು ರೂಪಾಯಿಗಳನ್ನು ಕೊಲ್ಲಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ತಿಂಗಳು ತಿಂಗಳೂ ಕಳುಹಿಸುತ್ತಿದ್ದರು. ಉಳಿದ ಏಳು ರೂಪಾಯಿಗಳಲ್ಲಿ ಮನೆಮಂದಿಯೆಲ್ಲರ ಜೀವನ ಸಾಗಬೇಕಾಗಿತ್ತು. ಗೆಳೆಯನೊಬ್ಬನು ನಾಟಕಕ್ಕೆ ಕರೆದೊಯ್ದು, ಆಮೇಲೆ ಟಿಕೇಟಿನ ಹಣವನ್ನು ಕೇಳಿದಾಗ, ಬಾಲಕ ಗೋಪಾಲನು ತಾನಾಗಿ ಅಪೇಕ್ಷಿಸದ ಆ ಖರ್ಚನ್ನು ತುಂಬಲು ದೀಪದೆಣ್ಣೆಯನ್ನು ಕೊಳ್ಳುವುದನ್ನು ಬಿಟ್ಟು ಬೀದಿಯ ದೀಪದ ಕೆಳಗೆ ಓದಿದನೆಂದು ಚರಿತ್ರಕಾರರು ಬರೆದಿದ್ದಾರೆ. ಮೆಟ್ರಿಕ್ ಆದ ಬಳಿಕ ಓದು ಸಾಕು, ದುಡಿದು ಅಣ್ಣನಿಗೆ ನೆರವಾಗುವೆನೆಂದು ಆತನು ಹೊರಟಾಗ ಗೋವಿಂದರಾಯರು ಒಪ್ಪಲಿಲ್ಲ; ಅತ್ತಿಗೆಯು ತನ್ನ ಒಡವೆಗಳನ್ನು ಮಾರಲು ಮುಂದಾದಳು. ಒಬ್ಬ ಹುಡುಗನ ಓದಿಗಾಗಿ ಇನ್ನೊಬ್ಬನು ಶಾಲೆಯನ್ನು ಬಿಟ್ಟದ್ದು ಗೋಖಲೆಯವರಿಗೆ ಗ್ರಂಥಗಳಿಂದ ತಿಳಿದ ವಿಷಯವಲ್ಲ.

1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದ ಗೋಖಲೆಯವರು ಅಧ್ಯಾಪಕ ವೃತ್ತಿಯನ್ನೇ ಆರಿಸಿಕೊಂಡರು. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರಾಗಿ, ಎಪ್ಪತ್ತೈದು ರೂಪಾಯಿಗಳ ಮಾಸಿಕ ವೇತನಕ್ಕೆ ತಮ್ಮನ್ನು ಕಟ್ಟಿಕೊಂಡು, ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿಯೂ ಫರ್ಗ್ಯುಸನ್ ಕಾಲೇಜಿನಲ್ಲಿಯೂ 1902ರವರೆಗೆ ಪಾಠ ಹೇಳಿದರು. (ಇಂಥದೇ ತ್ಯಾಗವ್ರತದಿಂದ 1916ರಲ್ಲಿ ಏಳು ಮಂದಿ ಅಧ್ಯಾಪಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ್ದನ್ನು ಇಲ್ಲಿ ನೆನೆಯಬಹುದು.) ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ಯಾವುದನ್ನು ವಹಿಸಿದರೂ ಅವರು ಹಿಂಜರಿಯಲಿಲ್ಲ. ಅವರು ರಚಿಸಿದ ಅಂಕಗಣಿತದ ಪುಸ್ತಕವು ಎಷ್ಟೋ ವರ್ಷ ಶಾಲೆಗಳಲ್ಲಿ ಪಠ್ಯವಾಗಿದ್ದಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಸನ್ನಿಧಿಯಲ್ಲಿ ಅವರು ರಾಜ್ಯದ ಆಯವ್ಯಯವನ್ನು ಅಂಕಿಅಂಕಿಯಾಗಿ ಬಿಡಿಸಿ ನೋಡುವ ವಿದ್ಯೆಯನ್ನು ಕಲಿತರು. ಮುಂಬಯಿ ಶಾಸನಸಭೆ, ಬಳಿಕ ವೈಸರಾಯರ ಶಾಸನಸಭೆ, 1905ರಲ್ಲಿ ಕಾಶಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠ, ಅದೇ ವರ್ಷ ಭಾರತ ಸೇವಕ ಸಮಾಜದ ಸ್ಥಾಪನೆ: ಇವು ಸರ್ವವಿದಿತ.

ದೇಶದ ಮಕ್ಕಳಿಗೆಲ್ಲ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂಬ ವಿಚಾರವು ಗೋಖಲೆಯವರಿಂದಲೇ ಹುಟ್ಟಿದುದಲ್ಲ. 1882ರಲ್ಲಿ ಹಂಟರ್ ಆಯೋಗದ ಮುಂದೆ ಮಹಾತ್ಮಾ ಜ್ಯೋತಿಬಾ ಫುಲೆಯವರು ಹನ್ನೆರಡು ವರ್ಷದವರೆಗಿನ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಬಿನ್ನವಿಸಿದ್ದರು. ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು 1893ರಲ್ಲಿ ಅಮರೇಲಿ ಭಾಗದ ಕೆಲವು ಹಳ್ಳಿಗಳಲ್ಲಿ ಇದನ್ನು ಪ್ರಯೋಗಿಸಿ, 1906ರಲ್ಲಿ ಸಂಸ್ಥಾನಕ್ಕೆಲ್ಲ ವಿಸ್ತರಿಸಿದ್ದರು. ಪರಾಧೀನ ದೇಶದ ಒಬ್ಬ ದೇಶೀಯ ಅರಸನಿಗೆ ಸಾಧ್ಯವಾದುದು ಸಾಮ್ರಾಜ್ಯ ಸರ್ಕಾರಕ್ಕೆ ಏಕೆ ಅಸಾಧ್ಯ? ಗೋಖಲೆಯವರ ವಾದದ ತಿರುಳು ಇದೇ ಆಗಿತ್ತು. ಅವರು ಸಭೆಯ ಮುಂದಿಟ್ಟ ಲೆಕ್ಕದಂತೆ ಬಡೋದೆಯಲ್ಲಿ ಜನಸಂಖ್ಯೆಯ ಶೇಕಡ 8.6ರಷ್ಟು ಮಂದಿ ಪ್ರಾಥಮಿಕ ಶಾಲೆಗಳಲ್ಲಿದ್ದರೆ ಬ್ರಿಟಿಷ್ ಹಿಂದೂಸ್ಥಾನದಲ್ಲಿದ್ದವರು ಶೇಕಡ 1.9 ಮಾತ್ರ. 1911ರ ಜನಗಣತಿಯಲ್ಲಿ ದೇಶದ ಅಕ್ಷರಸ್ಥರ ಪ್ರಮಾಣ ಶೇಕಡ ಆರನ್ನೂ ಮುಟ್ಟಲಿಲ್ಲ. ಸ್ತ್ರೀಯರಲ್ಲಿ ನೂರಕ್ಕೆ ಒಬ್ಬಳು.

1910ರ ಮಾರ್ಚಿಯಲ್ಲಿ ಅವರು ಈ ವಿಷಯವಾಗಿ ಮೊದಲು ಒಂದು ನಿರ್ಣಯವನ್ನು ತಂದು, ಅಧಿಕಾರಿಗಳೂ ಅನಧಿಕಾರಿಗಳೂ ಕೂಡಿದ ಆಯೋಗವೊಂದನ್ನು ನೇಮಿಸಬೇಕೆಂದು ಕೇಳಿದರು. ಸರ್ಕಾರವು ಪರಿಶೀಲಿಸುವುದಾಗಿ ಭರವಸೆಯಿತ್ತಿತು. ಅವರು ನಿರ್ಣಯವನ್ನು ಹಿಂತೆಗೆದುಕೊಂಡರು. ಆ ವರ್ಷ ಕೇಂದ್ರದಲ್ಲಿ ಪ್ರತ್ಯೇಕ ಶಿಕ್ಷಣ ಇಲಾಖೆಯೇನೋ ಸ್ಥಾಪಿತವಾಯಿತು, ಕಡ್ಡಾಯದ ಸುದ್ದಿ ಮಾತ್ರ ಏಳಲಿಲ್ಲ. ಆದುದರಿಂದ 1911ರ ಮಾರ್ಚ್ 16ರಂದು ಗೋಖಲೆಯವರೇ ಸ್ವತಃ ವಿಧೇಯಕವನ್ನು ಮಂಡಿಸಿದರು.

ಆ ವಿಧೇಯಕವನ್ನು ಓದುವವರಿಗೆ ಅದರ ಆವೇಶಕ್ಕಿಂತ ಅದರ ಎಚ್ಚರಿಕೆಯೇ ಎದ್ದು ಕಾಣುತ್ತದೆ. ಇಂಗ್ಲೆಂಡಿನ 1870ರ ಶಾಸನವು ಊರೂರಿನ ಶಾಲಾ ಮಂಡಲಿಗಳಿಗೆ ಕಡ್ಡಾಯದ ಅಧಿಕಾರವನ್ನು ಕೊಟ್ಟು, ಹತ್ತು ವರ್ಷಗಳ ಬಳಿಕ ಅದನ್ನು ಸಾರ್ವತ್ರಿಕ ಮಾಡಿದ ಕ್ರಮವನ್ನೇ ಅವರು ಅನುಸರಿಸಿದರು. ಪುರಸಭೆಯಾಗಲಿ ಜಿಲ್ಲಾ ಬೋರ್ಡಾಗಲಿ ತಾನಾಗಿ ಇಚ್ಛಿಸಿದ ಹೊರತು ಶಾಸನವು ಆ ಪ್ರದೇಶಕ್ಕೆ ಅನ್ವಯವಾಗದು; ಇಚ್ಛಿಸಿದರೂ ಸರ್ಕಾರದ ಪೂರ್ವಾನುಮತಿ ಬೇಕು; ಅದಕ್ಕೂ ಮುನ್ನ ಆ ಪ್ರದೇಶದ ಮಕ್ಕಳಲ್ಲಿ ಗೊತ್ತುಪಡಿಸಿದ ಒಂದು ಪ್ರಮಾಣವು ಶಾಲೆಯಲ್ಲಿರಬೇಕು. ಆರರಿಂದ ಹತ್ತು ವರ್ಷದ ಬಾಲಕರಿಗೆ ಮೊದಲು, ಬಾಲಿಕೆಯರಿಗೆ ಕಾಲಾನುಕ್ರಮದಲ್ಲಿ. ಮನೆಯಿಂದ ಒಂದು ಮೈಲಿಯೊಳಗೆ ಶಾಲೆಯಿಲ್ಲದಿದ್ದರೆ ಕಡ್ಡಾಯವಿಲ್ಲ. ತಿಂಗಳಿಗೆ ಹತ್ತು ರೂಪಾಯಿಗೆ ಮೀರದ ವರಮಾನದವರ ಮಕ್ಕಳಿಗೆ ಶುಲ್ಕವಿಲ್ಲ. ಖರ್ಚಿಗಾಗಿ ಸ್ಥಳೀಯ ಸಂಸ್ಥೆಯು ಶಿಕ್ಷಣದ ತೆರಿಗೆಯನ್ನು ಎತ್ತಬಹುದು, ಸರ್ಕಾರವೂ ಪಾಲು ಕೊಡಬೇಕು. ಮಗ್ಗಿಯನ್ನು ಕಲಿಸದೆ ಭಿನ್ನರಾಶಿಗೆ ಹೋಗದ ಗಣಿತದ ಉಪಾಧ್ಯಾಯನ ಕೈ ಇಲ್ಲಿ ಸ್ಪಷ್ಟವಾಗಿದೆ. ಹೆಣ್ಣುಮಕ್ಕಳನ್ನು ಹಿಂದೆ ನಿಲ್ಲಿಸಿದುದೂ ಶುಲ್ಕವನ್ನು ಪೂರ್ತಿ ತೆಗೆಯದಿದ್ದುದೂ ಆ ಎಚ್ಚರಿಕೆಗೆ ತೆತ್ತ ಬೆಲೆ. ವಿರೋಧಿಗಳು ಒಲಿಯದಿದ್ದುದರಿಂದ ಆ ಬೆಲೆಯೂ ವ್ಯರ್ಥವಾಯಿತೆಂದೇ ಹೇಳಬೇಕು.

ವರ್ಷವಿಡೀ ವಿಧೇಯಕವನ್ನು ಕುರಿತು ಪ್ರಾಂತಗಳ ಅಭಿಪ್ರಾಯಗಳು ಸಂಗ್ರಹವಾದವು. ಪ್ರಾಂತೀಯ ಸರ್ಕಾರಗಳು ಪ್ರತಿಕೂಲವಾಗಿದ್ದವು. ಜನರಿಂದ ಬೇಡಿಕೆಯಿಲ್ಲ, ವಿದ್ಯಾವಂತರಲ್ಲೇ ಒಮ್ಮತವಿಲ್ಲ, ಐಚ್ಛಿಕ ಶಿಕ್ಷಣದ ಮಾರ್ಗವೇ ಇನ್ನೂ ಮುಗಿದಿಲ್ಲ ಎಂಬುದು ಶಿಕ್ಷಣ ಇಲಾಖೆಯನ್ನು ವಹಿಸಿದ್ದ ಸರ್ ಹಾರ್ಕೋರ್ಟ್ ಬಟ್ಲರರ ನಿಲುವು. ಕೂಲಿಯವನ ಮಗ ಅಕ್ಷರ ಕಲಿತರೆ ನೇಗಿಲು ಹಿಡಿಯುವವರು ಯಾರೆಂಬುದು ಭೂಮಾಲಿಕರ ಅಳಲು. ಇವುಗಳಿಗಿಂತ ತೂಕದ ಆಕ್ಷೇಪಣೆ ಬೇರೊಂದಿತ್ತು: ದನ ಕಾಯುವ ಹುಡುಗನ ಎರಡು ಕಾಸಿನ ಸಂಪಾದನೆಯನ್ನೂ ನೆಚ್ಚಿದ ಬಡವನಿಗೆ ದಂಡ ಹಾಕುವುದು ಯಾವ ನ್ಯಾಯ? ಶಾಲೆಯ ಹೆಸರಿನಲ್ಲಿ ಕೆಳದರ್ಜೆಯ ಅಧಿಕಾರಿಗಳಿಗೆ ಪೀಡಿಸಲು ಮತ್ತೊಂದು ಅಸ್ತ್ರ ದೊರೆಯದೆ?

ಈ ಪ್ರಶ್ನೆಯನ್ನು ಗೋಖಲೆಯವರು ಹಗುರವಾಗಿ ತಳ್ಳಿಹಾಕಲಿಲ್ಲ. ಬಡವನಿಗೆ ತೊಂದರೆಯಾಗುವುದನ್ನು ಅವರು ಬಲ್ಲರು. ಆದರೆ ಹೆಬ್ಬೆಟ್ಟು ಒತ್ತುವವನು ಸಾಹುಕಾರನ ಕಡಪತ್ರದ ಮುಂದೆಯೂ ಸಣ್ಣ ಅಧಿಕಾರಿಯ ಕಾಗದದ ಮುಂದೆಯೂ ಜನ್ಮವಿಡೀ ಪಡುವ ಪೀಡೆಯನ್ನು ಅದರ ಪಕ್ಕದಲ್ಲಿಟ್ಟು ತೂಗಬೇಕೆಂಬುದು ಅವರ ಎಣಿಕೆ. ಬೇಡಿಕೆ ಹುಟ್ಟಲೆಂದು ಕಾದುಕೊಂಡು ಕುಳಿತ ಯಾವ ದೇಶದಲ್ಲೂ ಶಿಕ್ಷಣವು ಸಾರ್ವತ್ರಿಕವಾಗಲಿಲ್ಲವೆಂದು ಅವರು ಇಂಗ್ಲೆಂಡ್, ಜಪಾನುಗಳ ಚರಿತ್ರೆಯಿಂದ ತೋರಿಸಿದರು. ಕಡ್ಡಾಯವೆಂಬ ಮಾತು ತಂದೆಯನ್ನು ಕಟ್ಟುವಂತೆ ಕಂಡರೂ ಅದಕ್ಕೆ ಮೊದಲು ಶಾಲೆಯನ್ನು ತೆರೆಯಲು, ಉಪಾಧ್ಯಾಯನನ್ನು ನೇಮಿಸಲು, ಹಣವನ್ನು ಒದಗಿಸಲು ಆಳುವವರನ್ನೇ ಕಟ್ಟುತ್ತದೆ. ಸರ್ಕಾರದ ಹಿಂಜರಿಕೆಯ ನಿಜವಾದ ಕಾರಣವೂ ಇದೇ ಎಂದರೆ ತಪ್ಪಾಗದು.

1912ರ ಮಾರ್ಚ್ 18 ಮತ್ತು 19ರಂದು ಚರ್ಚೆ ನಡೆಯಿತು. ಗೋಖಲೆಯವರು ಬೇಡಿದುದು ವಿಧೇಯಕವನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಬೇಕೆಂದು ಮಾತ್ರ. ಪಂಡಿತ ಮದನಮೋಹನ ಮಾಳವೀಯರೂ ಮಹಮದಲಿ ಜಿನ್ನಾ ಅವರೂ ಬೆಂಬಲಿಸಿದರು. ಸೋಲು ಖಚಿತವೆಂದು ಅವರಿಗೆ ಮೊದಲೇ ಗೊತ್ತಿತ್ತು. ತಮ್ಮ ಪೀಳಿಗೆಯವರು ಸೋಲುಗಳ ಮೂಲಕವೇ ದೇಶಸೇವೆ ಮಾಡಬೇಕಾದವರೆಂದು ಅವರು ಯಾರ ಮೇಲೂ ಮುನಿಯದೆ ಹೇಳಿಕೊಂಡರು. ಮತಗಳನ್ನು ಎಣಿಸಿದಾಗ ಪರವಾಗಿ 13, ವಿರುದ್ಧವಾಗಿ 38. ವಿಧೇಯಕವು ಸಮಿತಿಯ ಬಾಗಿಲನ್ನೂ ಕಾಣಲಿಲ್ಲ.

ಅದೇ ವರ್ಷ ಅವರು ದಕ್ಷಿಣ ಆಫ್ರಿಕೆಗೆ ಹೋಗಿ ಗಾಂಧೀಜಿಯವರ ಹೋರಾಟವನ್ನು ಕಂಡು ಬಂದರು. ಮಧುಮೇಹದಿಂದ ಬಳಲಿದ್ದ ಶರೀರಕ್ಕೆ ವಿಶ್ರಾಂತಿ ದೊರೆಯಲಿಲ್ಲ. 1913ರ ಫೆಬ್ರವರಿಯಲ್ಲಿ ಸರ್ಕಾರವು ತನ್ನ ಶಿಕ್ಷಣನೀತಿಯನ್ನು ಪ್ರಕಟಿಸಿ ಶಾಲೆಗಳ ವಿಸ್ತರಣೆಯನ್ನು ಒಪ್ಪಿ ಕಡ್ಡಾಯವನ್ನು ನಿರಾಕರಿಸಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಶಾಸನವನ್ನು ಮಾಡಿ ಆಯ್ದ ಸ್ಥಳಗಳಲ್ಲಿ ಕಡ್ಡಾಯಕ್ಕೆ ದಾರಿ ತೆರೆಯಿತು. 1915ರ ಫೆಬ್ರವರಿ 19ರಂದು ಪುಣೆಯಲ್ಲಿ ಗೋಖಲೆಯವರು ದೇಹಬಿಟ್ಟರು, ನಲವತ್ತೊಂಬತ್ತು ತುಂಬಿರಲಿಲ್ಲ.

ಅವರು ಎಂಟು ರೂಪಾಯಿಗಳಲ್ಲಿ ಓದಿದ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1917ರಲ್ಲಿ ಕಡ್ಡಾಯ ಶಿಕ್ಷಣವನ್ನು ಆರಂಭಿಸಿದರು. ಮರುವರ್ಷ ವಿಠ್ಠಲಭಾಯಿ ಪಟೇಲರ ಯತ್ನದಿಂದ ಮುಂಬಯಿ ಪ್ರಾಂತದ ಪುರಸಭೆಗಳಿಗೆ ಇಂಥ ಶಾಸನವಾಯಿತು. ಬೆಳಗಾವಿ, ಧಾರವಾಡ, ವಿಜಾಪುರಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. 1950ರ ಸಂವಿಧಾನವು ಹತ್ತು ವರ್ಷಗಳ ಗಡುವನ್ನಿತ್ತಿತು. ಗಡುವು ಕಳೆದು ದಶಕಗಳಾದರೂ ಕೆಲಸ ಪೂರ್ಣಗೊಳ್ಳಲಿಲ್ಲ. 2002ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಶಿಕ್ಷಣವು ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಬಾಲಕ ಬಾಲಿಕೆಯರಿಬ್ಬರಿಗೂ ಅದು ಸಮಾನ. ಹತ್ತು ರೂಪಾಯಿಯ ವರಮಾನದ ಗೆರೆ ಅದರಲ್ಲಿಲ್ಲ. ಕಡ್ಡಾಯವೆಂಬುದಕ್ಕೆ ಅದು ಕೊಡುವ ಅರ್ಥ ಸರ್ಕಾರದ ಹೊಣೆ ಎಂದು. ತಂದೆತಾಯಿಗಳ ಕರ್ತವ್ಯವನ್ನೂ ಅದು ಹೇಳುತ್ತದೆ; ಅದಕ್ಕೆ ತಪ್ಪಿದವರಿಗೆ ದಂಡವನ್ನು ಮಾತ್ರ ವಿಧಿಸಿಲ್ಲ.