ಸಂಘಜೀವಿ ಫ. ಗು. ಹಳಕಟ್ಟಿಯವರು

ಒಬ್ಬನ ಭಕ್ತಿಯು ಅವನೊಬ್ಬನನ್ನು ಉದ್ಧರಿಸಬಹುದು. ಹಲವರ ಭಕ್ತಿಯು ಒಂದುಗೂಡಿದರೆ ಸಮಾಜವೇ ಉದ್ಧಾರವಾಗುವುದು. ಈ ತತ್ತ್ವವನ್ನು ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಆಚರಿಸಿ ತೋರಿದರು. ಅರಸನ ಮಂತ್ರಿಯೂ ದೋಣಿಯ ಅಂಬಿಗನೂ ಬಟ್ಟೆಯೊಗೆಯುವ ಮಡಿವಾಳನೂ ಒಂದೇ ಗೋಷ್ಠಿಯಲ್ಲಿ ಕುಳಿತು, ಲೋಕಕ್ಕೆ ಯಾವುದು ಹಿತ, ಯಾವುದು ಅಹಿತ ಎಂಬುದನ್ನು ವಿಚಾರಿಸುತ್ತಿದ್ದರೆಂಬುದು ನಮ್ಮ ಪರಂಪರೆಯ ಹೆಗ್ಗಳಿಕೆ. ಆ ಶರಣರ ವಚನಗಳನ್ನು ಓಲೆಗರಿಗಳ ಕತ್ತಲೆಯಿಂದ ಹೊರತೆಗೆದು ನಮ್ಮ ಕೈಗಿತ್ತ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರನ್ನು ನಾವು ವಚನ ಪಿತಾಮಹರೆಂದು ಸ್ಮರಿಸುತ್ತೇವೆ. ಅದು ಯುಕ್ತವೇ ಸರಿ. ಆದರೆ ಆ ಗೋಷ್ಠಿಯ ರೀತಿಯನ್ನು ತಮ್ಮ ಕಾಲದ ಊರಿನಲ್ಲಿ ಮರಳಿ ಕಟ್ಟಲೆಳಸಿದ ಸಂಘಜೀವಿಯೂ ಅವರೇ ಎಂಬುದನ್ನು ಬಹುಮಟ್ಟಿಗೆ ಮರೆತಿದ್ದೇವೆ. ಆ ಮರೆತ ಮುಖವನ್ನು ಸದ್ಭಕ್ತರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು, ತಾಯಿ ದಾನಮ್ಮನವರು. ಧಾರವಾಡದಲ್ಲಿ ಆರಂಭದ ವಿದ್ಯಾಭ್ಯಾಸವನ್ನು ಮುಗಿಸಿ, ಉಚ್ಚ ಶಿಕ್ಷಣಕ್ಕಾಗಿ ಮುಂಬಯಿಗೆ ತೆರಳಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಮುಂಬಯಿಯ ವಾಸವು ಅವರಿಗೆ ಪದವಿಯನ್ನಷ್ಟೇ ಕೊಡಲಿಲ್ಲ. ಅಲ್ಲಿನ ಮರಾಠಿಗರೂ ಗುಜರಾತಿಗಳೂ ಸಭೆ, ಸಂಸ್ಥೆ, ಪತ್ರಿಕೆಗಳ ಮೂಲಕ ತಮ್ಮ ಜನರನ್ನು ಮುಂದಕ್ಕೆ ತರುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಅದೇ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ತಮ್ಮ ಕನ್ನಡ ಜಿಲ್ಲೆಗಳು ಹಿಂದೆ ಬಿದ್ದುದನ್ನು ಕಂಡು ಮರುಗಿದರು. 1904ರಲ್ಲಿ ಕಾನೂನು ಪದವಿಯನ್ನು ಪಡೆದು, ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ವೃತ್ತಿಯನ್ನು ನಡೆಸಿ, ಬಳಿಕ ಇಂದು ವಿಜಯಪುರವೆನಿಸಿದ ಅಂದಿನ ಬಿಜಾಪುರಕ್ಕೆ ಬಂದು ನೆಲೆನಿಂತರು.

ಬಿಜಾಪುರ ಸೀಮೆಯು ಮಳೆ ಬಂದರೆ ಜೋಳದ ಕಣಜ, ಮಳೆ ಹೋದರೆ ಬರದ ಬೀಡು. 1876ರಿಂದ 78ರವರೆಗಿನ ಘೋರ ಕ್ಷಾಮದ ನೆನಪು ಆಗ ಹಿರಿಯರ ಮನಸ್ಸಿನಲ್ಲಿ ಇನ್ನೂ ಮಾಸಿರಲಿಲ್ಲ. ಬರದಲ್ಲಿ ಎತ್ತು ಸತ್ತರೆ ಒಕ್ಕಲಿಗನು ಸಾಹುಕಾರನ ಬಾಗಿಲಿಗೆ ಹೋಗಬೇಕು. ಸಾಲಪತ್ರದಲ್ಲಿ ಬರೆದುದನ್ನು ಓದಲು ಅವನಿಗೆ ಅಕ್ಷರ ಬಾರದು. ಕೊನೆಗೆ ಹೊಲವು ಬಡ್ಡಿಗೆ ಹೋಗುವುದು. ಇಂಥ ಸೀಮೆಯಲ್ಲಿ ವಕೀಲರಾದವರಿಗೆ ಬೇರೊಂದು ಶಾಲೆಯೇ ಬೇಡ. ಕಕ್ಷಿಗಾರನ ಒಂದು ದಾವೆಯನ್ನು ಗೆದ್ದುಕೊಟ್ಟರೆ ಒಂದು ಮನೆಯು ಉಳಿಯಬಹುದು; ಆದರೆ ಅಜ್ಞಾನ ಮತ್ತು ಋಣವೆಂಬ ಎರಡು ಮೂಲಗಳು ಉಳಿದಿರುವವರೆಗೆ ಅಂಥ ದಾವೆಗಳು ಹುಟ್ಟುತ್ತಲೇ ಇರುವುವು. ಈ ಎರಡನ್ನೂ ಒಬ್ಬ ದಾನಿಯು ತನ್ನ ಕೊಡುಗೈಯಿಂದ ನೀಗಲಾರನು. ಹಲವರು ಕೂಡಿ ವಿಚಾರಿಸಿ, ಹಲವರು ಕೂಡಿ ದುಡಿದರೆ ಮಾತ್ರ ಅದು ಸಾಧ್ಯ. ಹಳಕಟ್ಟಿಯವರು ಮುಂದೆ ಕಟ್ಟಿದ ಸಂಸ್ಥೆಗಳನ್ನು ನೋಡಿದರೆ ಈ ಮರ್ಮವನ್ನು ಅವರು ಚೆನ್ನಾಗಿ ಅರಿತಿದ್ದರೆಂಬುದು ತಿಳಿಯುತ್ತದೆ.

ಮೊದಲನೆಯದು ವಿದ್ಯೆಯ ಕಾರ್ಯ. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯು ಅವರ ಮುಂದಾಳುತನದಲ್ಲಿ ಜನ್ಮ ತಾಳಿತು. ಮಠಗಳ ಆಶೀರ್ವಾದ, ವರ್ತಕರ ದೇಣಿಗೆ, ವಿದ್ಯಾವಂತರ ದುಡಿಮೆ ಇವು ಒಂದೆಡೆ ಸೇರದೆ ಇಂಥ ಸಂಸ್ಥೆಗಳು ನಿಲ್ಲಲಾರವು. ಅದಕ್ಕಾಗಿ ಯಾರಾದರೊಬ್ಬರು ಮನೆಯಿಂದ ಮನೆಗೆ ನಡೆಯಬೇಕು, ಮುನಿದವರನ್ನು ಒಲಿಸಬೇಕು, ಲೆಕ್ಕವನ್ನು ಎಲ್ಲರ ಕಣ್ಣಮುಂದೆ ಇಡಬೇಕು. ಅಂದು ಮೊಳಕೆಯೊಡೆದ ಆ ಸಂಸ್ಥೆಯು ಇಂದು ಶಾಲೆಗಳಿಂದ ಹಿಡಿದು ವೈದ್ಯಕೀಯ ಮಹಾವಿದ್ಯಾಲಯದವರೆಗೆ ಬೆಳೆದು ಹೆಮ್ಮರವಾಗಿದೆ.

ಎರಡನೆಯದು ಋಣವಿಮೋಚನೆಯ ಕಾರ್ಯ. ಹಿಂದುಸ್ಥಾನದಲ್ಲಿ ಸಹಕಾರಿ ಸಂಘಗಳ ಕಾಯಿದೆಯು 1904ರಲ್ಲಿ ಜಾರಿಗೆ ಬಂದಿತು. ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಒಕ್ಕಲಿಗರ ಪತ್ತಿನ ಸಂಘವನ್ನು ಸ್ಥಾಪಿಸಿ ಇಡೀ ದೇಶಕ್ಕೆ ಮೇಲ್ಪಂಕ್ತಿಯಾದರು. ಆ ಬೆಳಕನ್ನು ಹಳಕಟ್ಟಿಯವರು ಬಿಜಾಪುರಕ್ಕೂ ತಂದರು. 1912ರಲ್ಲಿ ಊರ ಆರಾಧ್ಯದೈವ ಸಿದ್ಧೇಶ್ವರನ ಹೆಸರಿನಲ್ಲಿ ಸಹಕಾರಿ ಬ್ಯಾಂಕು ಆರಂಭವಾಯಿತು. ಸಹಕಾರದ ತತ್ತ್ವವು ಸರಳವಾದುದು. ಪ್ರತಿಯೊಬ್ಬನೂ ತನ್ನ ಶಕ್ತಿಯಂತೆ ಶೇರು ಹಣವನ್ನು ಕೂಡಿಸುವನು. ಕೂಡಿದ ಹಣದಿಂದ ಅಗತ್ಯವುಳ್ಳ ಸದಸ್ಯನು ಸಾಲ ಪಡೆಯುವನು. ಅವನು ಕೊಡುವ ಬಡ್ಡಿಯು ಪರರ ತಿಜೋರಿಗೆ ಹೋಗದೆ ಸಂಘಕ್ಕೇ ಮರಳುವುದು. ಶೇರು ಹೆಚ್ಚಿದ್ದವನಿಗೂ ಕಡಿಮೆಯಿದ್ದವನಿಗೂ ಒಂದೇ ಮತ. ಇಲ್ಲಿ ಕೊಡುವವನು ಮೇಲಲ್ಲ, ಪಡೆಯುವವನು ಕೀಳಲ್ಲ. ದಾನದಲ್ಲಿ ಕೊಟ್ಟವನಿಗೆ ಅಹಂಕಾರವೂ ಪಡೆದವನಿಗೆ ದೈನ್ಯವೂ ಅಂಟಬಹುದು. ದಾಸೋಹದಲ್ಲಿ ಎರಡೂ ಇಲ್ಲ. ಸಹಕಾರಿ ಸಂಘವು ದಾಸೋಹ ತತ್ತ್ವದ ಲೆಕ್ಕಪತ್ರದ ರೂಪವೆಂದರೆ ತಪ್ಪಾಗಲಾರದು.

ಇವುಗಳ ನಡುವೆಯೇ ಅವರ ಜೀವನದ ಮಹಾಕಾರ್ಯವು ಸಾಗಿತ್ತು. ರಬಕವಿಯ ಕಡೆಯ ಮನೆಗಳಲ್ಲಿ ಓಲೆಗರಿಯ ಕಟ್ಟುಗಳನ್ನು ಕಂಡಂದಿನಿಂದ ವಚನಗಳ ಹುಚ್ಚು ಅವರನ್ನು ಹಿಡಿಯಿತು. ಅನೇಕ ಮನೆಗಳಲ್ಲಿ ಆ ಕಟ್ಟುಗಳು ದೇವರ ಜಗುಲಿಯ ಮೇಲಿದ್ದು ಪೂಜೆಗೊಳ್ಳುತ್ತಿದ್ದುವು. ಓದುವವರು ಮಾತ್ರ ಇರಲಿಲ್ಲ. ಕೆಲವೆಡೆ ಹುಳು ತಿಂದು ಪುಡಿಯಾಗುತ್ತಿದ್ದುವು. ಹಳಕಟ್ಟಿಯವರು ಊರೂರು ಅಲೆದು, ಗೃಹಸ್ಥರನ್ನೂ ಮಠಾಧಿಪತಿಗಳನ್ನೂ ಬೇಡಿ, ಅವನ್ನು ಸಂಗ್ರಹಿಸಿ, ಪ್ರತಿಮಾಡಿ, ಪಾಠಗಳನ್ನು ಹೋಲಿಸಿದರು. ಅದುವರೆಗೆ ಸುಮಾರು 50 ವಚನಕಾರರ ಹೆಸರು ಮಾತ್ರ ತಿಳಿದಿದ್ದರೆ, ಅವರ ಪರಿಶ್ರಮದಿಂದ 250ಕ್ಕೂ ಮಿಕ್ಕು ಶರಣ ಶರಣೆಯರು ಬೆಳಕಿಗೆ ಬಂದರೆಂದು ವಿದ್ವಾಂಸರು ಎಣಿಸುತ್ತಾರೆ. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂದಿತು.

ಒಂದು ಗ್ರಂಥ ಬಂದಿತು. ಆದರೆ ಕೈಯಲ್ಲಿದ್ದುದು ರಾಶಿ. ಹೊರಗಿನ ಮುದ್ರಣಾಲಯಗಳನ್ನು ನಂಬಿ ಅಷ್ಟನ್ನು ಮುಗಿಸುವಂತಿರಲಿಲ್ಲ. ತಮ್ಮದೇ ಮುದ್ರಣಾಲಯ ಬೇಕೆಂದು ನಿಶ್ಚಯಿಸಿದ ಹಳಕಟ್ಟಿಯವರು ತಾವು ವಾಸವಾಗಿದ್ದ ಮನೆಯನ್ನೇ ಮಾರಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವು ಬಿಜಾಪುರದಲ್ಲಿ ಆರಂಭವಾಯಿತು. 1926ರಲ್ಲಿ ಶಿವಾನುಭವ ಪತ್ರಿಕೆಯೂ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಹೊರಟವು. ಶಿವಾನುಭವವು ಮೂವತ್ತು ವರ್ಷಕ್ಕೂ ಮಿಕ್ಕಿ ನಡೆದು ಶರಣರ ವಚನಗಳನ್ನೂ ಚರಿತ್ರೆಗಳನ್ನೂ ಮನೆಮನೆಗೆ ಮುಟ್ಟಿಸಿತು. ಹರಿಹರನ ರಗಳೆಗಳೂ ಅವರ ಶ್ರಮದಿಂದಲೇ ಅಚ್ಚಿನ ಮುಖ ಕಂಡವು. ವಕೀಲಿಯಲ್ಲಿ ಹಣ ಗಳಿಸಬಲ್ಲವರಾಗಿದ್ದ ಅವರು ಕೊನೆಯವರೆಗೂ ಬಾಡಿಗೆಯ ಮನೆಯಲ್ಲೇ ಉಳಿದರು.

ಇಲ್ಲಿ ನಾವು ಒಂದು ಕ್ಷಣ ನಿಂತು ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ಆ ಮನೆಯ ಮಾರಾಟವನ್ನು ತ್ಯಾಗವೆಂದು ಕೊಂಡಾಡಿ ಮುಂದೆ ಸಾಗುವುದು ನಮಗೆ ರೂಢಿ. ತ್ಯಾಗವೆಂಬುದು ನಿಜ. ಆದರೆ ಅದು ಸಮಾಜದ ಕೊರತೆಯೂ ಹೌದಲ್ಲವೇ? ವಿದ್ಯಾಸಂಸ್ಥೆಗೆ ಹಲವರು ಹೆಗಲು ಕೊಟ್ಟರು. ಅದರ ಫಲವು ತಮ್ಮ ಮಕ್ಕಳಲ್ಲಿ ಕಾಣುತ್ತಿತ್ತು. ಬ್ಯಾಂಕಿಗೂ ಶೇರುದಾರರು ಬಂದರು. ಅದರ ಫಲವು ಕೈಗೆ ಸಿಗುತ್ತಿತ್ತು. ವಚನಗಳ ಫಲವಾದರೋ ಇನ್ನೂ ಹುಟ್ಟದ ಪೀಳಿಗೆಗೆ ಸಲ್ಲುವಂಥದು. ಹತ್ತಿರದ ಹಿತಕ್ಕೆ ಕೂಡಿಬಂದ ಕೈಗಳು ದೂರದ ಹಿತಕ್ಕೆ ಅಷ್ಟಾಗಿ ಬರಲಿಲ್ಲ. ಎಲ್ಲರ ಆಸ್ತಿಯನ್ನು ಉಳಿಸಲು ಒಬ್ಬನು ತನ್ನ ಆಸ್ತಿಯನ್ನು ಕಳೆಯಬೇಕಾಯಿತು. ಸಂಘಗಳನ್ನು ಕಟ್ಟಿದ ಮಹನೀಯರಿಗೇ ಅತ್ಯಂತ ದೊಡ್ಡ ಕಾರ್ಯದಲ್ಲಿ ಸಂಘವು ಸಾಲದೆ ಹೋಯಿತು. ಆದರೂ ಅವರು ಪೂರ್ತಿ ಒಂಟಿಯಾಗಿರಲಿಲ್ಲ. ತಲೆಮಾರುಗಳಿಂದ ಪೂಜಿಸಿದ ಕಟ್ಟನ್ನು ಜಗುಲಿಯಿಂದಿಳಿಸಿ ಅವರ ಕೈಗಿತ್ತ ಹೆಸರಿಲ್ಲದ ಗೃಹಸ್ಥರೂ ಗೃಹಿಣಿಯರೂ ಆ ಕಾರ್ಯದ ಭಾಗಿಗಳೇ. ತಮ್ಮ ಮನೆಯ ದೇವರನ್ನು ಲೋಕದ ದೇವರಾಗಿಸಿದ ಪುಣ್ಯ ಅವರದು.

ನಾಡು ಹಳಕಟ್ಟಿಯವರನ್ನು ಗುರುತಿಸದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಕನ್ನಡ ಸೀಮೆಗಳ ಏಕೀಕರಣಕ್ಕಾಗಿ ದುಡಿದು, 1956ರಲ್ಲಿ ಅದು ಕೈಗೂಡಿದುದನ್ನು ಕಂಡರು. ಅದೇ ವರ್ಷ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಸನ್ಮಾನಿಸಿತು. 1964ನೆಯ ಇಸವಿ ಜೂನ್ 29ರಂದು ತಮ್ಮ 84ನೆಯ ವರ್ಷ ತುಂಬುವ ಹೊಸ್ತಿಲಲ್ಲಿ ಬಿಜಾಪುರದಲ್ಲಿಯೇ ಲಿಂಗೈಕ್ಯರಾದರು. ಅವರು ಕಟ್ಟಿದ ಶಿಕ್ಷಣ ಸಂಸ್ಥೆಯೇ ಮುಂದೆ ಅವರ ಸಮಗ್ರ ಸಾಹಿತ್ಯವನ್ನು ಸಂಪುಟಗಳಾಗಿ ಪ್ರಕಟಿಸಿತು. ಒಬ್ಬರು ಹೊತ್ತ ಹೊರೆಯನ್ನು ಕೊನೆಗೂ ಸಂಘವು ತನ್ನ ಹೆಗಲಿಗೆ ತೆಗೆದುಕೊಂಡಿತು. ತಡವಾಯಿತು, ಆದರೂ ಋಣ ಸಂದಾಯವಾಯಿತು.

ಅವರ ಜನ್ಮದಿನವು ಪ್ರತಿವರ್ಷ ಬರುತ್ತದೆ. ಭಾವಚಿತ್ರಕ್ಕೆ ಹೂಮಾಲೆ ಹಾಕಿದರೆ ಸಾಲದು. ನಮ್ಮೂರಿನ ಸಹಕಾರಿ ಸಂಘದ ಸಭೆಗೆ ಹೋಗಿ ಲೆಕ್ಕವನ್ನು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ? ಶಾಲೆಯ ಕಾರ್ಯಕಾರಿ ಸಮಿತಿಯಲ್ಲಿ ಸ್ಥಾನಕ್ಕಾಗಿ ಕಾದಾಡುವವರೆಷ್ಟು, ದುಡಿಮೆಗಾಗಿ ಮುಂದಾಗುವವರೆಷ್ಟು? ಫಲ ಕಾಣದ ಕಾರ್ಯವೊಂದನ್ನು ಯಾರಾದರೂ ಒಬ್ಬಂಟಿಯಾಗಿ ಎಳೆಯುತ್ತಿದ್ದರೆ, ಅವನು ಮನೆ ಮಾರುವವರೆಗೆ ಕಾಯದೆ ಕೈಜೋಡಿಸುವವರೆಷ್ಟು? ಈ ಪ್ರಶ್ನೆಗಳನ್ನು ಕೂಡಿ ಕುಳಿತು ವಿಚಾರಿಸಿದರೆ ಅದೇ ಅನುಭಾವಗೋಷ್ಠಿ. ವಿಚಾರಿಸಿದುದನ್ನು ಕೂಡಿ ನಡೆಸಿದರೆ ಅದೇ ಕಾಯಕ. ಅಂಥ ಬುದ್ಧಿಯನ್ನು ಬಸವಾದಿ ಪ್ರಮಥರು ನಮ್ಮೆಲ್ಲರಿಗೆ ಕರುಣಿಸಲಿ.