ಮರಳುವ ದಾರಿಯನ್ನು ಬರೆದಿಟ್ಟವನು

ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ–ಚೆನ್ನೈ ಮಾರ್ಗದಿಂದ ಕವಲೊಡೆದು ಸಿಕಂದರಾಬಾದಿನತ್ತ ಹೊರಡುವ ರೈಲು ಚಿತ್ತಾಪುರ, ಸೇಡಂಗಳನ್ನು ದಾಟಿ ಕುರಕುಂಟಾ ತಲುಪುತ್ತದೆ. ಅಲ್ಲಿಂದ ಮರಳುವವರಿಗೆ ಕೊನೆಗೆ ದಾಟಿದ ನಿಲ್ದಾಣವೇ ಮೊದಲು ಸಿಗುವುದು. ಗಣಕಯಂತ್ರಕ್ಕೂ ಇಂಥದೊಂದು ಹಿಮ್ಮುಖ ಲೆಕ್ಕ ಬೇಕೆಂಬುದನ್ನು, ಅಂಥ ಯಂತ್ರವಿನ್ನೂ ಕಾಗದದ ಮೇಲಿದ್ದಾಗಲೇ ಕಂಡುಕೊಂಡ ಮೊದಲಿಗರಲ್ಲಿ ಅಲನ್ ಟ್ಯೂರಿಂಗ್ ಒಬ್ಬ.

ಆತನಿಗೆ ನಮ್ಮ ಸೀಮೆಯ ನಂಟೂ ಉಂಟು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ತುಂಗಭದ್ರೆಗೆ ಸೇತುವೆ ಕಟ್ಟಿಸಿದ ರೈಲ್ವೆ ಎಂಜಿನಿಯರ್; ತಂದೆ ಜೂಲಿಯಸ್ ಮದ್ರಾಸ್ ಪ್ರಾಂತ್ಯದ ಐ.ಸಿ.ಎಸ್. ಅಧಿಕಾರಿ. 1912ರ ಜೂನ್ 23ರಂದು ಲಂಡನ್ನಿನಲ್ಲಿ ಹುಟ್ಟಿದ ಮಗುವನ್ನು ನಿವೃತ್ತ ಸೇನಾಧಿಕಾರಿಯೊಬ್ಬನ ಮನೆಯಲ್ಲಿ ಬಿಟ್ಟು ಹೆತ್ತವರು ಭಾರತಕ್ಕೆ ಮರಳಿದರು. 1936ರ ಆತನ ಪ್ರಬಂಧ ಗಣಕ ವಿಜ್ಞಾನದ ಬುನಾದಿಯಾಯಿತು. ಯುದ್ಧಕಾಲದಲ್ಲಿ ಜರ್ಮನರ ಗೂಢಲಿಪಿಯನ್ನು ಭೇದಿಸಿದ ಕಥೆಯಂತೂ ಸುಪರಿಚಿತ.

ಅಷ್ಟಾಗಿ ಪರಿಚಿತವಲ್ಲದ್ದು, 1945ರ ಕೊನೆಯಲ್ಲಿ ಟೆಡ್ಡಿಂಗ್ಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕಾಗಿ ಸಿದ್ಧಪಡಿಸಿದ ಯಂತ್ರವೊಂದರ ವರದಿ. ದೊಡ್ಡ ಲೆಕ್ಕವು ನಡುವೆ ನಿಂತು ಸಣ್ಣ ಲೆಕ್ಕವೊಂದನ್ನು ಕರೆದರೆ, ಅದು ಮುಗಿದ ಮೇಲೆ ಮರಳಬೇಕಾದದ್ದು ಎಲ್ಲಿಗೆ? ಆ ಸ್ಥಾನವನ್ನು ಹೂತಿಟ್ಟು, ಕೆಲಸ ಮುಗಿದೊಡನೆ ಅಗೆದು ತೆಗೆಯುವ ಏರ್ಪಾಟನ್ನು ಟ್ಯೂರಿಂಗ್ ಸೂಚಿಸಿದ. ಆದೇಶಗಳಿಗೆ ಹೂಳು, ಅಗೆ ಎಂಬರ್ಥದ ಹೆಸರುಗಳನ್ನೇ ಇಟ್ಟ. ಶಹಾಬಾದಿನ ಹಾಸುಗಲ್ಲುಗಳಂತೆ ಒಂದರ ಮೇಲೊಂದು ಒಟ್ಟಿ, ಮೇಲಿನದನ್ನೇ ಮೊದಲು ಎತ್ತಿಕೊಳ್ಳುವ ಈ ರಾಶಿಗೆ ಇಂದು ಸ್ಟ್ಯಾಕ್ ಎಂದು ಹೆಸರು.

ತಂತ್ರಾಂಶದ ಯಾವ ಭಾಗ ಎಷ್ಟು ಸಮಯ ನುಂಗುತ್ತಿದೆಯೆಂದು ಅಳೆಯುವ ಪ್ರೊಫೈಲರ್, ಸೆಕೆಂಡಿಗೆ ಹಲವು ಸಲ ಆ ರಾಶಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ಯಾವುದು ಯಾವುದನ್ನು ಕರೆಯಿತೆಂದು ಪತ್ತೆಹಚ್ಚುತ್ತದೆ. ಈ ಓದುವ ಕ್ರಮಕ್ಕೆ ಯಾರಾದರೂ ತಿದ್ದುಪಡಿ ತಂದಾಗ ಪರಿಶೀಲಕನ ಹೊಣೆ ಸಣ್ಣದಲ್ಲ. ಒಂದು ಮೆಟ್ಟಿಲು ತಪ್ಪಿದರೆ ಎಷ್ಟೋ ಸಲ ಯಂತ್ರ ನಿಲ್ಲುವುದಿಲ್ಲ, ದೂರುವುದೂ ಇಲ್ಲ. ನಿರಪರಾಧಿ ಭಾಗದ ಮೇಲೆ ದೋಷ ಹೊರಿಸಿ ಅಚ್ಚುಕಟ್ಟಾದ ವರದಿಯನ್ನೇ ಕೈಗಿಡುತ್ತದೆ.

ಇಂಥ ಪರಿಶೀಲನೆಯ ಬಗೆಗೂ ಟ್ಯೂರಿಂಗ್ ಯೋಚಿಸಿದ್ದ. 1949ರ ಜೂನ್ 24ರಂದು ಕೇಂಬ್ರಿಜ್ಜಿನಲ್ಲಿ ಮಂಡಿಸಿದ ಪ್ರಬಂಧದ ವಿಷಯವೇ ಅದು. ಕೂಡುವ ಲೆಕ್ಕದಲ್ಲಿ ದಶಕಗಳನ್ನು ಬರೆದಿಟ್ಟರೆ ಒಂದೊಂದು ಸಾಲನ್ನೂ ಬೇರೆಯಾಗಿ ತಾಳೆ ನೋಡಬಹುದಲ್ಲವೆ? ಹಾಗೆಯೇ, ಯಾವ ಹಂತದಲ್ಲಿ ಏನು ನಿಜವಾಗಿರಬೇಕೆಂಬುದನ್ನು ಬರೆದವನೇ ನಮೂದಿಸಿಟ್ಟರೆ, ಪರಿಶೀಲಕ ಪ್ರತಿಯೊಂದು ತುಂಡನ್ನೂ ಪ್ರತ್ಯೇಕವಾಗಿ ಒರೆಗೆ ಹಚ್ಚಬಹುದು. ಇಡಿಯದರ ಸರಿತನ ಅದರಿಂದಲೇ ಸಿದ್ಧವಾಗುತ್ತದೆ. ವಿಪರ್ಯಾಸವೆಂದರೆ, ತಾಳೆ ನೋಡುವುದನ್ನು ಕುರಿತ ಆ ಪುಟಗಳಲ್ಲೇ ನಕಲಿನ ತಪ್ಪುಗಳು ನುಸುಳಿದ್ದವು.

1952ರಲ್ಲಿ ಸಲಿಂಗ ಸಂಬಂಧದ ಆರೋಪದ ಮೇಲೆ ಟ್ಯೂರಿಂಗ್‌ಗೆ ಶಿಕ್ಷೆಯಾಯಿತು. ಸೆರೆವಾಸ ತಪ್ಪಿತು, ಅದರ ಬದಲು ಹಾರ್ಮೋನು ಚಿಕಿತ್ಸೆ. 1954ರ ಜೂನ್ 7ರಂದು ಸಯನೈಡ್ ವಿಷದಿಂದ ತೀರಿಕೊಂಡಾಗ ಆತನಿಗೆ 41 ವರ್ಷ. ಪ್ರಬಂಧದ ತಪ್ಪುಗಳನ್ನು ಮಾರಿಸ್ ಮತ್ತು ಜೋನ್ಸ್ ಎಂಬ ವಿದ್ವಾಂಸರು ತಿದ್ದಿ ಪ್ರಕಟಿಸಿದ್ದು 1984ರಲ್ಲಿ. ಶಿಕ್ಷೆಗೆ ಬ್ರಿಟನ್ನಿನ ರಾಣಿಯ ಕ್ಷಮಾದಾನ ದೊರೆತದ್ದು — ಕ್ಷಮಾದಾನವೆಂಬ ಮಾತೇ ಇಲ್ಲಿ ಒಪ್ಪುವುದಿಲ್ಲ — 2013ರ ಡಿಸೆಂಬರಿನಲ್ಲಿ.